ಭಾಷೆಯ ಕಾಲಂ: ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಪಟ್ಟಿಯನ್ನು ಸೇಲಂನಲ್ಲಿ ಕೂತು ಓದಿದಾಗ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತುಗಳ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಧ್ವನಿ ಎಲ್ಲರಿಗೂ ಕೇಳಿಸ್ತಿದೆಯಾ? ಸರಿ. ಹಿಂದುಗಡೆ ಮಗ್ಗದ ಸದ್ದು ಬಂದರೆ ದಯವಿಟ್ಟು ಸಹಿಸಿಕೊಳ್ಳಿ, ಪಕ್ಕದ ಮನೆಯದು, ನಿಲ್ಲಿಸಿ ಅಂತ ಹೇಳುವ ಹಾಗಿಲ್ಲ.

ನನಗಿಂತ ಮೊದಲು ಮಾತಾಡಿದ ಗೆಳೆಯರು ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಸಾಧನೆಯ ಲೆಕ್ಕ ಕೊಟ್ಟರು. ಅತ್ಯುತ್ತಮ ಚಿತ್ರದ ಪ್ರಶಸ್ತಿ ಆರು ಸಲ: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಆರರಲ್ಲಿ ನಾಲ್ಕು ಗಿರೀಶ್ ಕಾಸರವಳ್ಳಿ ಅವರೊಬ್ಬರದೇ. ಈ ಲೆಕ್ಕದಲ್ಲಿ ನನಗೇನೂ ತಕರಾರಿಲ್ಲ, ಕೇಳೋಕೂ ಖುಷಿಯಾಗುತ್ತೆ. ನನ್ನ ತಕರಾರು ಪಟ್ಟಿಯ ಒಂದು ಕಾಲಂ ಬಗ್ಗೆ ಮಾತ್ರ. ಚಿತ್ರದ ಹೆಸರು, ನಿರ್ಮಾಪಕ, ನಿರ್ದೇಶಕ ಆದಮೇಲೆ ‘ಭಾಷೆ’ ಅಂತ ಒಂದು ಕಾಲಂ ಇರುತ್ತಲ್ಲ, ಅದು. ಬೆಂಗಳೂರಲ್ಲೋ ಧಾರವಾಡದಲ್ಲೋ ಕೂತು ಓದಿದರೆ ಅದು ಕಣ್ಣಿಗೆ ಬೀಳಲ್ಲ, ಉಸಿರಾಡುವ ಗಾಳಿಯ ಹಾಗೆ ಇದ್ದುಬಿಡುತ್ತೆ. ಸೇಲಂನಲ್ಲಿ ಕೂತು ಓದಿದರೆ ಮೊದಲು ಚುಚ್ಚೋದೇ ಅದು.

ಯಾಕೆ ಅಂತ ಹೇಳಬೇಕಾದರೆ ನಾನು ಎಲ್ಲಿಂದ ಮಾತಾಡ್ತಿದೀನಿ ಅನ್ನೋದನ್ನ ಸ್ವಲ್ಪ ಹೇಳಬೇಕು. ನಾವು ಸೇಲಂನ ದೇವಾಂಗರು, ನೇಕಾರರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಮನೆಯ ಕನ್ನಡವನ್ನ ಬೆಂಗಳೂರಿನವರು ಕೇಳಿದರೆ ‘ಇದ್ಯಾವ ಕನ್ನಡ’ ಅಂತಾರೆ, ಊರಿನ ತಮಿಳರು ಕೇಳಿದರೆ ‘ತೆಲುಗಾ?’ ಅಂತಾರೆ. ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತವರು ನಮ್ಮ ಕೇರಿಯಲ್ಲಿ ಬೆರಳೆಣಿಕೆ. ನಾನು ಕಲಿತದ್ದು ಕಾಲೇಜಿಗೆ ಬಂದಮೇಲೆ. ಉತ್ತರಕ್ಕೆ ಹೋದರೆ ಧರ್ಮಪುರಿ, ಅದರಾಚೆ ಕೃಷ್ಣಗಿರಿ, ಹೊಸೂರು, ದೇಂಕಣಿಕೋಟೆ, ತಳಿ. ಇವೆಲ್ಲ ಒಂದು ಕಾಲಕ್ಕೆ ಒಂದೇ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಕೃಷ್ಣಗಿರಿ ಬೇರೆಯಾಯಿತು. 1956ರ ರಾಜ್ಯ ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ಹೊಸೂರು ಮದರಾಸಿನಲ್ಲೇ ಉಳಿಯಿತು. ಹೀಗೆ ಗೆರೆಗಳು ಬಿದ್ದ ಎರಡು ವರ್ಷ ಮೊದಲೇ ದೆಹಲಿಯಲ್ಲಿ ಇನ್ನೊಂದು ಪಟ್ಟಿ ಶುರುವಾಗಿತ್ತು. ನನ್ನ ವಿಷಯ ಅದು.

ಮೊದಲ ರಾಷ್ಟ್ರೀಯ ಪ್ರಶಸ್ತಿ ಪ್ರದಾನ ನಡೆದದ್ದು 1954ರಲ್ಲಿ, 1953ರ ಚಿತ್ರಗಳಿಗೆ. ಚಿನ್ನದ ಪದಕ ಮರಾಠಿಯ ‘ಶ್ಯಾಮಚಿ ಆಯಿ’ಗೆ. ಆ ಮೊದಲ ವರ್ಷ ಪ್ರಾದೇಶಿಕ ಭಾಷೆಗೊಂದು ಪದಕ ಅನ್ನೋ ಏರ್ಪಾಡು ಇರಲಿಲ್ಲ. ಬಂದದ್ದು ಎರಡನೇ ವರ್ಷ, 1954ರ ಚಿತ್ರಗಳಿಗೆ. ಆ ವರ್ಷದ ಪಟ್ಟಿಯಲ್ಲಿ ದಕ್ಷಿಣದ ನಾಲ್ಕೂ ಭಾಷೆಗಳಿವೆ: ಮಲಯಾಳಂಗೆ ‘ನೀಲಕ್ಕುಯಿಲ್’, ತೆಲುಗಿಗೆ ‘ಪೆದ್ದಮನುಷುಲು’, ತಮಿಳಿಗೆ ‘ಮಲೈಕ್ಕಳ್ಳನ್’, ಮೂರಕ್ಕೂ ರಾಷ್ಟ್ರಪತಿಗಳ ಬೆಳ್ಳಿ ಪದಕ. ಕನ್ನಡಕ್ಕೆ ‘ಬೇಡರ ಕಣ್ಣಪ್ಪ’, ಪದಕವಲ್ಲ, ಮೆರಿಟ್ ಪ್ರಮಾಣಪತ್ರ. ಕನ್ನಡಕ್ಕೆ ಮೊದಲ ಬೆಳ್ಳಿ ಪದಕ ಬಂದದ್ದು 1957ರ ‘ಪ್ರೇಮದ ಪುತ್ರಿ’ಗೆ, ಆರ್. ನಾಗೇಂದ್ರರಾಯರ ಚಿತ್ರ.

ನನ್ನ ಎಂ.ಫಿಲ್. ಪ್ರಬಂಧದಲ್ಲಿ ಈ ಸಾಲುಗಳನ್ನ ಹೀಗೇ ಬರೆದಿದ್ದೆ. ಅದರ ಕೆಳಗೆ ಒಂದು ವಾಕ್ಯ ಸೇರಿಸಿದ್ದೆ: ‘ಕನ್ನಡ ಚಿತ್ರರಂಗದ ಈ ಆರಂಭದ ಮನ್ನಣೆಯಲ್ಲಿ ಸೇಲಂ ಪ್ರದೇಶದ ಪಾತ್ರ ಏನೂ ಇಲ್ಲ.’ ಬರೆದವನು ಸೇಲಂನವನೇ. ಪಟ್ಟಿ ನೋಡಿದೆ, ಕನ್ನಡದ ಸಾಲಿನಲ್ಲಿ ಸೇಲಂ ಕಾಣಲಿಲ್ಲ, ಬರೆದುಬಿಟ್ಟೆ. ಮೌಖಿಕ ಪರೀಕ್ಷೆಯಲ್ಲಿ ಯಾರೂ ಪ್ರಶ್ನೆ ಮಾಡಲಿಲ್ಲ. ಇವತ್ತಿನ ಮಾತು ಒಂದು ರೀತಿಯಲ್ಲಿ ಆ ವಾಕ್ಯಕ್ಕೆ ನಾನೇ ಹಾಕಿಕೊಳ್ಳೋ ತಪ್ಪೊಪ್ಪಿಗೆ.

ತಪ್ಪು ಗೊತ್ತಾದದ್ದು ಅಜ್ಜಿಯಿಂದ. ಅವರಿಗೆ ‘ಮಲೈಕ್ಕಳ್ಳನ್’ ಅಂದರೆ ಪ್ರಾಣ. ಒಂದು ದಿನ ಕಂಡಿಕೆ ಸುತ್ತುತ್ತಾ ಹೇಳಿದರು, ‘ಅದು ನಮ್ಮೂರ ಕಡೆಯೋರ ಕತೆ ಕಣೋ.’ ಅಜ್ಜಿಗೆ ಎಲ್ಲವೂ ನಮ್ಮೂರ ಕಡೆಯದೇ ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನೋಡಿದರೆ ಮಾತು ನಿಜ. ಆ ಕಾದಂಬರಿ ಬರೆದವರು ನಾಮಕ್ಕಲ್ ಕವಿ ವಿ. ರಾಮಲಿಂಗಂ ಪಿಳ್ಳೈ, ಉಪ್ಪಿನ ಸತ್ಯಾಗ್ರಹದ ಹಾಡು ಬರೆದವರು. ಹುಟ್ಟಿದ್ದು ಮೋಹನೂರಿನಲ್ಲಿ. ಇವತ್ತು ಅದು ನಾಮಕ್ಕಲ್ ಜಿಲ್ಲೆ. 1997ರಲ್ಲಿ ಆ ಜಿಲ್ಲೆ ಬೇರೆಯಾಗುವವರೆಗೆ ನಾಮಕ್ಕಲ್ ಸೇಲಂ ಜಿಲ್ಲೆಯಲ್ಲೇ ಇತ್ತು. ಚಿತ್ರ ಮಾಡಿದ್ದು ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೋ, ನಿರ್ದೇಶಕರು ಎಸ್.ಎಂ. ಶ್ರೀರಾಮುಲು ನಾಯ್ಡು, ಸಂಭಾಷಣೆ ಎಂ. ಕರುಣಾನಿಧಿ, ನಾಯಕ ಎಂ.ಜಿ.ಆರ್., ನಾಯಕಿ ಭಾನುಮತಿ.

ಇಲ್ಲಿಗೆ ಇದು ತಮಿಳಿನ ಕತೆ, ನಮಗೇನು ಅನ್ನಬಹುದು. ಆದರೆ ನಾಯ್ಡು ಅವರು ಈ ಒಂದು ಕತೆಯನ್ನ ಆರು ಭಾಷೆಯಲ್ಲಿ ತೆಗೆಸಿದರು. ತೆಲುಗಿನಲ್ಲಿ ‘ಅಗ್ಗಿ ರಾಮುಡು’, ಮಲಯಾಳದಲ್ಲಿ ‘ತಸ್ಕರವೀರನ್’, ಹಿಂದಿಯಲ್ಲಿ ‘ಆಜಾದ್’, ಸಿಂಹಳದಲ್ಲಿ ‘ಸೂರಸೇನ’, ಮತ್ತೆ ಕನ್ನಡದಲ್ಲಿ, 1957ರಲ್ಲಿ, ‘ಬೆಟ್ಟದ ಕಳ್ಳ’. ಅಂದರೆ ಇವತ್ತಿನ ಜಾಹೀರಾತುಗಳು ‘ಪ್ಯಾನ್ ಇಂಡಿಯಾ’ ಅಂತ ಕೂಗ್ತಾವಲ್ಲ, ಅದನ್ನ ಕೊಯಮತ್ತೂರಿನ ಒಂದು ಸ್ಟುಡಿಯೋ ಎಪ್ಪತ್ತು ವರ್ಷದ ಹಿಂದೆ ಸದ್ದಿಲ್ಲದೆ ಮಾಡಿ ಮುಗಿಸಿತ್ತು. ಡಬ್ಬಿಂಗ್ ಕೂಡ ಅಲ್ಲ, ಪ್ರತಿ ಭಾಷೆಗೂ ಬೇರೆ ಚಿತ್ರ.

ಈಗ ಇದೇ ಕತೆ ಪ್ರಶಸ್ತಿಯ ದಾಖಲೆಗಳಲ್ಲಿ ಏನಾಯಿತು ನೋಡಿ. ತಮಿಳು ರೂಪಕ್ಕೆ ದೆಹಲಿಯ ಬೆಳ್ಳಿ ಪದಕ, ತಮಿಳಿನ ಕಾಲಂನ ಮೊದಲ ಸಾಲು. ಹಿಂದಿ ರೂಪದ ನಾಯಕ ದಿಲೀಪ್ ಕುಮಾರ್ ಅವರಿಗೆ ಮುಂಬಯಿಯ ಫಿಲ್ಮ್‌ಫೇರ್ ಅತ್ಯುತ್ತಮ ನಟ ಪ್ರಶಸ್ತಿ. ‘ಬೆಟ್ಟದ ಕಳ್ಳ’ನ ಹೆಸರು ಕನ್ನಡದ ಕಾಲಂನಲ್ಲಿಲ್ಲ. ಗುಣದ ದೃಷ್ಟಿಯಿಂದ ಇರಬೇಕಿತ್ತು ಅಂತ ನಾನು ವಾದಿಸ್ತಿಲ್ಲ. ರೀಮೇಕು, ಅದೂ ಮೂರು ವರ್ಷ ತಡವಾಗಿ ಬಂದದ್ದು. ಅದೇ ವರ್ಷ ‘ಪ್ರೇಮದ ಪುತ್ರಿ’ ಇತ್ತು. ನಾನು ಹೇಳೋದು ಇಷ್ಟೇ: ಮೋಹನೂರಿನವರೊಬ್ಬರು ಬರೆದ, ಕೊಯಮತ್ತೂರಿನಲ್ಲಿ ಚಿತ್ರವಾದ, ಕನ್ನಡದಲ್ಲೂ ಬಂದ ಕತೆಗೆ ಪಟ್ಟಿ ಒಂದೇ ವಿಳಾಸ ಕೊಟ್ಟಿತು. ಆ ವಿಳಾಸವನ್ನ ನಂಬಿ ನಾನು ‘ಪಾತ್ರ ಏನೂ ಇಲ್ಲ’ ಅಂತ ಬರೆದೆ.

‘ಪ್ರೇಮದ ಪುತ್ರಿ’ ಕೂಡ ಒಂಟಿ ಅಲ್ಲ. ಅದೇ ಸಮಯಕ್ಕೆ ತಮಿಳು, ತೆಲುಗು ರೂಪಗಳನ್ನೂ ನಾಗೇಂದ್ರರಾಯರು ತೆಗೆದಿದ್ದರು. ‘ಬೇಡರ ಕಣ್ಣಪ್ಪ’ನ ಕಣ್ಣಪ್ಪನನ್ನು ಅದೇ ರಾಜ್‌ಕುಮಾರ್ ತೆಲುಗಿನಲ್ಲೂ ಆಡಿದರು. ಅವರ ಏಕೈಕ ತೆಲುಗು ಚಿತ್ರ ಅದು. ಆ ಕಾಲದ ಸಿನಿಮಾದವರಿಗೆ ಭಾಷೆ ಅನ್ನೋದು ಒಂದೇ ಮಗ್ಗದಲ್ಲಿ ಬಣ್ಣ ಬದಲಿಸಿ ನೇಯುವ ಹೊಕ್ಕು. ಪಟ್ಟಿ ಬರೆಯುವವರಿಗೆ ಅದು ಬೇರೆ ಬೇರೆ ಸೀರೆ.

ಇನ್ನು ಸೇಲಂ ಪಟ್ಟಣಕ್ಕೇ ಬರೋಣ. ಏರ್ಕಾಡು ರಸ್ತೆಯಲ್ಲಿ ಹೋದವರು ‘ಮಾಡರ್ನ್ ಥಿಯೇಟರ್ಸ್’ ಅಂತ ಬರೆದ ಕಮಾನು ನೋಡಿರ್ತೀರಿ. ಈಗ ಉಳಿದಿರೋದು ಆ ಕಮಾನು. ಕಟ್ಟಿದವರು ಟಿ.ಆರ್. ಸುಂದರಂ, ತಿರುಚೆಂಗೋಡಿನವರು, ಬಟ್ಟೆ ತಯಾರಿಕೆಯ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದು ಸಿನಿಮಾಕ್ಕೆ ಬಿದ್ದವರು. (ನೂಲಿನ ಊರು ನಮ್ಮದು, ಸಿನಿಮಾದವನೂ ನೂಲಿನಿಂದಲೇ ಬರಬೇಕು.) 1930ರ ದಶಕದ ಮಧ್ಯದಲ್ಲಿ ಶುರುವಾದ ಈ ಕಂಪನಿ ನೂರಕ್ಕೂ ಹೆಚ್ಚು ಚಿತ್ರ ತೆಗೆಯಿತು: ತಮಿಳು, ತೆಲುಗು, ಮಲಯಾಳಂ, ಕನ್ನಡ, ಹಿಂದಿ, ಸಿಂಹಳ. ಎಂ.ಜಿ.ಆರ್. ಅವರನ್ನ ಮೇಲಕ್ಕೆತ್ತಿದ ‘ಮಂತ್ರಿಕುಮಾರಿ’ ಇಲ್ಲಿಯದು, 1950. ತಮಿಳಿನ ಮೊದಲ ಪೂರ್ಣ ಬಣ್ಣದ ಚಿತ್ರ ‘ಅಲಿಬಾಬಾವುಂ ನಾಪದು ತಿರುಡರ್‌ಗಳುಂ’ ಇಲ್ಲಿಯದು, 1956.

ಮಲಯಾಳಂನ ಮೊದಲ ವಾಕ್ಚಿತ್ರ ‘ಬಾಲನ್’ ಕೂಡ ಈ ಕಮಾನಿನ ಒಳಗಿಂದ ಹೊರಟದ್ದು, 1938ರಲ್ಲಿ. ನಿರ್ದೇಶಕ ಎಸ್. ನೊಟ್ಟಾನಿ ಪಾರ್ಸಿ. ಮಲಯಾಳಿಗಳ ಮೊದಲ ಮಾತಿನ ಚಿತ್ರವನ್ನ ಸೇಲಂನಲ್ಲಿ ಒಬ್ಬ ಪಾರ್ಸಿ ಮಾಡಿದ. ಕೊಲ್ಹಾಪುರದಲ್ಲಿ ಚಿತ್ರೀಕರಣವಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ನೆನಪಿಗೆ ಬರುತ್ತಲ್ವಾ? ಎರಡರ ಪ್ರಿಂಟೂ ಇವತ್ತು ಇಲ್ಲ. ಎರಡೂ ಪ್ರಶಸ್ತಿ ಪಟ್ಟಿ ಹುಟ್ಟೋ ಮೊದಲಿನವು. ಹಾಗಾಗಿ ಅವಕ್ಕೆ ಪ್ರಿಂಟಿಲ್ಲ, ಪದಕವಿಲ್ಲ, ಬರೀ ಸ್ಟಿಲ್ಲು, ಜಾಹೀರಾತು, ಹಳಬರ ಬಾಯಿಮಾತು. ರಾಷ್ಟ್ರೀಯ ಪ್ರಶಸ್ತಿಯ ಇತಿಹಾಸವನ್ನೇ ಭಾರತೀಯ ಸಿನಿಮಾದ ಇತಿಹಾಸ ಅಂದುಕೊಂಡರೆ ವಾಕ್ಚಿತ್ರದ ಮೊದಲ ಎರಡು ದಶಕ ಪೂರಾ ಹೋಯಿತು. ಸೇಲಂನಂಥ ಊರಿನ ದುಡಿಮೆಯ ಮುಖ್ಯಭಾಗ ಇದ್ದದ್ದೇ ಆಗ.

ಹಾಗಂತ ಸೇಲಂ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದೆ. ಎಲ್ಲಿ ಇದೆ ಅಂದರೆ ಮಲಯಾಳಂ ಕಾಲಂನಲ್ಲಿ. 1961ರ ‘ಕಂಡಂ ಬೆಚ್ಚ ಕೋಟ್’, ಅಂದರೆ ತೇಪೆ ಹಾಕಿದ ಕೋಟು, ಸುಂದರಂ ಅವರೇ ನಿರ್ದೇಶಿಸಿದ್ದು, ಮಲಯಾಳಂನ ಮೊದಲ ಬಣ್ಣದ ಚಿತ್ರ. ಹಜ್ ಯಾತ್ರೆಗೆ ಅಂತ ಕಾಸಿಗೆ ಕಾಸು ಕೂಡಿಸುವ ಒಬ್ಬ ಮುದುಕ ಚಪ್ಪಲಿ ಹೊಲಿಯುವವನ ಕತೆ. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಮೆರಿಟ್ ಪ್ರಮಾಣಪತ್ರ ಪಡೆಯಿತು. ಅದೇ ವರ್ಷ ಕನ್ನಡದ ಬೆಳ್ಳಿ ಪದಕ ‘ಕಿತ್ತೂರು ಚೆನ್ನಮ್ಮ’ನಿಗೆ. ಎರಡು ವರ್ಷಕ್ಕೆ, 1963ರಲ್ಲಿ, ಸುಂದರಂ ತೀರಿಕೊಂಡರು. ಮಲಯಾಳಂ ಸಿನಿಮಾದ ವಿದ್ಯಾರ್ಥಿಗೆ ಆ ಪ್ರಮಾಣಪತ್ರದಲ್ಲಿ ಕೇರಳ ಕಾಣುತ್ತೆ, ಸರಿಯೇ. ಆದರೆ ಆ ಕೋಟಿಗೆ ತೇಪೆ ಹಾಕಿದ್ದು ಏರ್ಕಾಡು ರಸ್ತೆಯಲ್ಲಿ.

ಕಮಾನಿನ ಬಗ್ಗೆ ಇನ್ನೊಂದು ಮಾತು, ಆಮೇಲೆ ಮುಂದೆ ಹೋಗ್ತೀನಿ. ಕೆಲವು ವರ್ಷದ ಹಿಂದೆ ಆ ಕಮಾನಿನ ಹತ್ತಿರ ಪ್ರತಿಮೆ ನಿಲ್ಲಿಸುವ ವಿಷಯಕ್ಕೆ ಊರಲ್ಲಿ ವಿವಾದ ಎದ್ದಿತ್ತು. ಪತ್ರಿಕೆಗಳಲ್ಲಿ ಜಾಗ ಯಾರದು, ಪ್ರತಿಮೆ ಯಾರದು ಅನ್ನೋ ಚರ್ಚೆ ಧಾರಾಳವಾಗಿ ಆಯಿತು. ಒಳಗೆ ಯಾವ ಯಾವ ಭಾಷೆಯ ಜನ ಕೆಲಸ ಮಾಡಿದರು ಅಂತ ಕೇಳಿದವರು ನನಗೆ ಕಾಣಲಿಲ್ಲ.

‘ಸಂಸ್ಕಾರ’ದ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ದಾಟ್ತೀನಿ. 1970ರ ಚಿನ್ನದ ಪದಕ, ಕನ್ನಡಕ್ಕೆ ಮೊದಲನೆಯದು. ಮದರಾಸಿನ ಸೆನ್ಸಾರ್ ಮಂಡಳಿ ತಡೆದಿದ್ದ ಚಿತ್ರ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನ ತೆಲುಗು ಕವಿ, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು, ಕಾದಂಬರಿ ಅನಂತಮೂರ್ತಿ ಅವರದು, ಚಿತ್ರಕತೆ ಕಾರ್ನಾಡರದು. 1986ರ ‘ತಬರನ ಕಥೆ’ಯಲ್ಲಿ ತಬರನಾದ ಚಾರುಹಾಸನ್ ಪರಮಕುಡಿಯ ತಮಿಳರು, ವಕೀಲರು. ಅತ್ಯುತ್ತಮ ನಟ ಪ್ರಶಸ್ತಿ ಅವರಿಗೆ, ಕಾಲಂನಲ್ಲಿ ಬರೆದಿರೋದು ಕನ್ನಡ. ಇದರಿಂದ ಕನ್ನಡಕ್ಕೆ ಏನೂ ಕಮ್ಮಿಯಾಗಲಿಲ್ಲ. ಕನ್ನಡ ಸಿನಿಮಾ ಅತ್ಯಂತ ಆತ್ಮವಿಶ್ವಾಸದಿಂದ ಇದ್ದ ಹೊತ್ತಿನಲ್ಲೇ ಅತ್ಯಂತ ಹೆಚ್ಚು ಹೊರಗಿನವರನ್ನ ಒಳಗೆ ಕರೆದುಕೊಂಡಿತ್ತು. ಪಟ್ಟಿಯನ್ನ ಮಾತ್ರ ನೋಡಿದವರಿಗೆ ಇದು ತಿಳಿಯಲ್ಲ.

ನನಗೆ ಹೆಚ್ಚು ಹೊತ್ತು ನಿಲ್ಲಬೇಕು ಅನ್ನಿಸೋದು ‘ಕಾಂಚೀವರಂ’ ಹತ್ತಿರ. 2007ರ ಚಿತ್ರ, ಆ ವರ್ಷದ ಅತ್ಯುತ್ತಮ ಚಿತ್ರ ಪ್ರಶಸ್ತಿ, ಪ್ರಕಾಶ್ ರಾಜ್ ಅವರಿಗೆ ಅತ್ಯುತ್ತಮ ನಟ. ನಿರ್ದೇಶಕ ಪ್ರಿಯದರ್ಶನ್ ಮಲಯಾಳಿ, ನಟ ಬೆಂಗಳೂರಿನ ಕನ್ನಡಿಗ, ಕಾಲಂನಲ್ಲಿ ತಮಿಳು. ಕತೆ ನೇಕಾರನದು. ಮಗಳ ಮದುವೆಗೆ ರೇಷ್ಮೆ ಸೀರೆ ಉಡಿಸ್ತೀನಿ ಅಂತ ಮಾತು ಕೊಟ್ಟ ವೆಂಗಡಂ, ಕೆಲಸದ ಜಾಗದಿಂದ ದಿನಾ ಒಂದಿಷ್ಟು ರೇಷ್ಮೆ ಎಳೆಯನ್ನ ಬಾಯಲ್ಲಿ ಬಚ್ಚಿಟ್ಟುಕೊಂಡು ಮನೆಗೆ ತಂದು, ಕದ್ದು ನೇಯುತ್ತಾನೆ.

ಈ ಚಿತ್ರವನ್ನ ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಯಾಕೆ ಬಾಯಲ್ಲೇ ಇಟ್ಟುಕೊಳ್ಳಬೇಕು ಅನ್ನೋದು ನಮ್ಮವರಿಗೆ ವಿವರಿಸಬೇಕಾಗಿರಲಿಲ್ಲ. ಯಜಮಾನ ನೂಲು ತೂಕ ಹಾಕಿ ಕೊಡ್ತಾನೆ, ಸೀರೆ ತೂಕ ಹಾಕಿ ತಗೋತಾನೆ, ನಡುವೆ ಎಷ್ಟು ಕಮ್ಮಿಯಾಯಿತು ಅಂತ ಬರೆದುಕೊಳ್ತಾನೆ. ಆ ದೃಶ್ಯ ಬಂದಾಗ ಅಪ್ಪ ಎದ್ದು ಹೊರಗೆ ಹೋದರು. ಯಾಕೆ ಅಂತ ಇವತ್ತಿಗೂ ಕೇಳಿಲ್ಲ. ಚಿತ್ರ ಮುಗಿದಮೇಲೆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ‘ಅವರ ಮನೇಲಿ ಯಾರೂ ನಮ್ಮ ಮಾತು ಆಡಲ್ವಾ?’

ಇದು ಬೇಡಿಕೆ ಅಲ್ಲ, ಅಚ್ಚರಿ. ತಮಿಳುನಾಡಿನ ಮಗ್ಗದ ಕೇರಿಗಳಲ್ಲಿ ತೆಲುಗು, ಕನ್ನಡ, ಸೌರಾಷ್ಟ್ರ ಮಾತಾಡುವ ಮನೆಗಳು ಪಕ್ಕಪಕ್ಕದಲ್ಲೇ ಇವೆ. ಬೀದಿಯ ಭಾಷೆ ಬೇರೆ, ಗುಂಡಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತಾಗಿನ ಭಾಷೆ ಬೇರೆ. ‘ಕಾಂಚೀವರಂ’ ಒಳ್ಳೆಯ ಚಿತ್ರ, ಪ್ರಶಸ್ತಿಗೆ ಯೋಗ್ಯವಾದದ್ದೇ. ಮಗ್ಗದ ಕತ್ತಲೆ, ನೂಲಿನ ಹೊಳಪು ಎರಡನ್ನೂ ಅದು ಬಲ್ಲದು. ಆದರೆ ಅದು ಮಗ್ಗದ ಮನೆಗೆ ಒಂದೇ ಭಾಷೆ ಕೊಟ್ಟಿತು. ಆ ಒಂದು ಭಾಷೆಯ ಚಿತ್ರವಾಗಿಯೇ ಪ್ರಶಸ್ತಿಯೂ ಅದನ್ನ ಗುರುತಿಸಿತು. ಒಳಗೆ ಅಭಿನಯಿಸಿದವನ ಮನೆಮಾತು ಕನ್ನಡ, ಅದು ಚಿತ್ರದ ಹೊರಗೇ ಉಳಿಯಿತು. ಪ್ರಕಾಶ್ ರಾಜ್ ಅವರ ಆ ಪ್ರಶಸ್ತಿಯನ್ನ ಕನ್ನಡದ ಹೆಮ್ಮೆ ಅಂತ ನಾವು ಭಾಷಣದಲ್ಲಿ ಹೇಳ್ತೀವಿ, ಪಟ್ಟಿ ಮಾಡುವಾಗ ಕನ್ನಡದ ಲೆಕ್ಕಕ್ಕೆ ಸೇರಿಸಲ್ಲ. ಎರಡನ್ನೂ ಒಟ್ಟಿಗೆ ಮಾಡ್ತೀವಿ, ನಾನೂ ಮಾಡಿದೀನಿ.

ಯಜಮಾನನ ಲೆಕ್ಕದ ಪುಸ್ತಕ ಅಂದೆನಲ್ಲ, ನಮ್ಮ ತಾತನ ಹೆಸರು ಅಂಥ ಪುಸ್ತಕಗಳಲ್ಲಿ ನಲವತ್ತು ವರ್ಷ ಇತ್ತು. ಕಂಡಿಕೆ ಸುತ್ತಿದ ಅಜ್ಜಿಯ ಹೆಸರು ಒಂದು ದಿನವೂ ಇರಲಿಲ್ಲ. ಪುಸ್ತಕ ಸುಳ್ಳು ಹೇಳಲಿಲ್ಲ. ಕೊಟ್ಟ ನೂಲು, ಬಂದ ಸೀರೆ, ಕೂಲಿ, ಎಲ್ಲ ಸರಿಯಾಗಿತ್ತು. ರಾಷ್ಟ್ರೀಯ ಪ್ರಶಸ್ತಿಯ ಪಟ್ಟಿಯೂ ಸುಳ್ಳು ಹೇಳಲ್ಲ. ಅದನ್ನ ಬರೆದದ್ದು ಪದಕ ಹಂಚೋಕೆ, ಇತಿಹಾಸ ಬರೆಯೋಕೆ ಅಲ್ಲ. ಅದನ್ನ ಇತಿಹಾಸ ಅಂತ ಓದಿದವರು ನಾವು, ಸಂಶೋಧಕರು.

ಧರ್ಮಪುರಿಯ ಕಡೆಯಿಂದ ಒಂದು ಉದಾಹರಣೆ. 1992ರ ‘ರೋಜಾ’ಗೆ ರಾಷ್ಟ್ರೀಯ ಭಾವೈಕ್ಯತೆಯ ಚಿತ್ರ ಅಂತ ನರ್ಗಿಸ್ ದತ್ ಹೆಸರಿನ ಪ್ರಶಸ್ತಿ ಬಂತು. ಎ.ಆರ್. ರೆಹಮಾನ್ ಮೊದಲ ಚಿತ್ರದಲ್ಲೇ ಸಂಗೀತ ಪ್ರಶಸ್ತಿ ಪಡೆದದ್ದೂ ಅದಕ್ಕೇ. ನಾಯಕಿಯನ್ನ ನಮಗೆ ತೋರಿಸುವ ಮೊದಲ ಹಾಡಿನ ಒಂದು ಭಾಗ ಹೊಗೇನಕಲ್‌ನಲ್ಲಿ ಚಿತ್ರೀಕರಣವಾದದ್ದು. ಆ ಊರಿನ ಹೆಸರೇ ಕನ್ನಡ, ಹೊಗೆಯಾಡುವ ಕಲ್ಲು. ನದಿಯ ಆ ದಡ ಕರ್ನಾಟಕ, ಈ ದಡ ತಮಿಳುನಾಡು. ಚಿತ್ರ ಬಿಡುಗಡೆಯಾಗುವ ಎಂಟು ತಿಂಗಳ ಹಿಂದೆ, 1991ರ ಡಿಸೆಂಬರ್‌ನಲ್ಲಿ, ಇದೇ ಕಾವೇರಿಯ ಹೆಸರಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳಾಗಿದ್ದವು. ನಮ್ಮ ಕಡೆ ಕನ್ನಡ ಮಾತಾಡುವ ಮನೆಗಳವರು ಆ ತಿಂಗಳು ಬೀದಿಯಲ್ಲಿ ದನಿ ತಗ್ಗಿಸಿಕೊಂಡು ಓಡಾಡಿದರು ಅಂತ ಅಮ್ಮ ಹೇಳ್ತಿದ್ದರು. ಚಿತ್ರ ಭಾವೈಕ್ಯತೆಯನ್ನ ಹುಡುಕಿದ್ದು ಕಾಶ್ಮೀರದಲ್ಲಿ. ಕಾವೇರಿಯ ಮೇಲೆ ಅದು ಬಂದದ್ದು ಹಾಡು ತೆಗೆಯೋಕೆ. ಮಣಿರತ್ನಂ ಅವರನ್ನ ದೂರೋದು ನನ್ನ ಉದ್ದೇಶ ಅಲ್ಲ, ಅವರ ಕತೆ ಬೇರೆ. ಆದರೆ ಪ್ರಶಸ್ತಿಯ ಹೆಸರು ಓದಿದಾಗಲೆಲ್ಲ ಆ ಹರಿಗೋಲುಗಳು ನನ್ನ ಕಣ್ಣಿಗೆ ಬರುತ್ತವೆ.

ಕನ್ನಡಿಯ ಇನ್ನೊಂದು ಮುಖವನ್ನೂ ತೋರಿಸದಿದ್ದರೆ ಅನ್ಯಾಯವಾಗುತ್ತೆ. 2022ರ ಚಿತ್ರಗಳಿಗೆ ಕೊಟ್ಟ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ‘ಕೆಜಿಎಫ್: ಚಾಪ್ಟರ್ 2’. ಕೋಲಾರದ ಚಿನ್ನದ ಗಣಿಯಲ್ಲಿ ತಲೆಮಾರುಗಟ್ಟಲೆ ದುಡಿದವರಲ್ಲಿ ದೊಡ್ಡ ಪಾಲು ತಮಿಳು ಮಾತಾಡುವ ದಲಿತ ಕುಟುಂಬಗಳು. ಉತ್ತರ ಆರ್ಕಾಟಿನಿಂದ, ನಮ್ಮ ಸೇಲಂ ಕಡೆಯಿಂದ ಹೋದವರು. ಆ ಊರಿನ ಹೆಸರಿಟ್ಟುಕೊಂಡ ಚಿತ್ರದಲ್ಲಿ ಅವರ ಮಾತಿಗೆ ಜಾಗವಿಲ್ಲ. ಇಲ್ಲಿ ಕನ್ನಡದ ಮನೆಗಳನ್ನ ತಮಿಳಿನ ಕಾಲಂ ನುಂಗಿದರೆ, ಅಲ್ಲಿ ತಮಿಳಿನ ಮನೆಗಳನ್ನ ಕನ್ನಡದ ಕಾಲಂ ನುಂಗುತ್ತೆ. ನಾವು ಒಂದಕ್ಕೆ ಮಾತ್ರ ಅಳೋದು ಸರಿಯಲ್ಲ.

ಚರ್ಚೆ

ಅಧ್ಯಕ್ಷರು ಒಂದು ಗಟ್ಟಿ ಆಕ್ಷೇಪ ಎತ್ತಿದರು. ಅವರ ಮಾತಿನ ಸಾರ ಇದು: ಭಾಷೆಗೊಂದು ಪದಕ ಅನ್ನೋ ಏರ್ಪಾಡು ಇಲ್ಲದಿದ್ದರೆ 1950ರ ದಶಕದ ಕನ್ನಡ ಸಿನಿಮಾ ದೆಹಲಿಯ ಕಣ್ಣಿಗೇ ಬೀಳುತ್ತಿರಲಿಲ್ಲ. ಮದರಾಸಿನ ಸ್ಟುಡಿಯೋಗಳಲ್ಲಿ ಮಿಕ್ಕ ದಿನಗಳಿಗೆ ಕಾದು ಚಿತ್ರ ತೆಗೆಯುತ್ತಿದ್ದವರಿಗೆ, ಹಿಂದಿ, ತಮಿಳಿನ ಜೊತೆ ನೇರ ಸ್ಪರ್ಧೆಯಲ್ಲಿ ಯಾವ ಅವಕಾಶವೂ ಇರಲಿಲ್ಲ. ಕಾಲಂ ಅನ್ನು ಅಲುಗಾಡಿಸಿದರೆ ಮೊದಲು ಬೀಳೋದು ಸಣ್ಣ ಭಾಷೆಯೇ ಅಲ್ಲವೇ?

ಹೌದು ಸರ್, ಒಪ್ಪುತ್ತೀನಿ. ಪೂರ್ತಿ ಒಪ್ಪುತ್ತೀನಿ. ಮಾತಿನ ಭರದಲ್ಲಿ ನಾನು ಇದನ್ನ ಹೇಳದೇ ಬಿಟ್ಟೆ, ಬರಹರೂಪದಲ್ಲಿ ಸೇರಿಸ್ತೀನಿ. 1957ರ ಬೆಳ್ಳಿ ಪದಕ ‘ಪ್ರೇಮದ ಪುತ್ರಿ’ಗೆ ಬರದೇ ಹೋಗಿದ್ದರೆ, 1959ರದ್ದು ‘ಜಗಜ್ಯೋತಿ ಬಸವೇಶ್ವರ’ನಿಗೆ, 1960ರದ್ದು ‘ಭಕ್ತ ಕನಕದಾಸ’ನಿಗೆ ಬರದೇ ಹೋಗಿದ್ದರೆ, ಕನ್ನಡದಲ್ಲೂ ಸಿನಿಮಾ ಅಂತ ಒಂದಿದೆ ಅನ್ನೋದು ಎಷ್ಟು ಜನರಿಗೆ ತಿಳಿಯುತ್ತಿತ್ತೋ. ಕಾಲಂ ತೆಗೆಯಿರಿ ಅಂತ ನಾನು ಹೇಳಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನ ನಾವು, ವಿಶ್ವವಿದ್ಯಾಲಯದವರು, ಬರೆದುಕೊಳ್ಳಬೇಕು: ಎಲ್ಲಿ ತಯಾರಾಯಿತು, ಕತೆ ಎಲ್ಲಿಯದು, ಇನ್ಯಾವ ಭಾಷೆಯ ರೂಪಗಳಿದ್ದವು. ಅದನ್ನ ಸರ್ಕಾರ ಮಾಡಬೇಕಾಗಿಲ್ಲ.

ಒಬ್ಬ ಮೇಡಂ ಕೇಳಿದರು: ಹಾಗಾದರೆ ರಾಜ್ಯ ಪ್ರಶಸ್ತಿಗಳ ದಾಖಲೆ ಈ ಕೊರತೆ ತುಂಬುತ್ತದೆಯೇ? ತುಂಬಲ್ಲ, ಇನ್ನೂ ಬಿಗಿ ಮಾಡುತ್ತೆ ಅಂತ ನನ್ನ ಅನಿಸಿಕೆ. ಕರ್ನಾಟಕ ರಾಜ್ಯ ಪ್ರಶಸ್ತಿ ಶುರುವಾದದ್ದು 1966–67ರಲ್ಲಿ, ಮೊದಲ ಅತ್ಯುತ್ತಮ ಚಿತ್ರ ‘ಸಂಧ್ಯಾರಾಗ’. ಅದೇ ಚಿತ್ರಕ್ಕೆ ಆ ವರ್ಷದ ಕೇಂದ್ರದ ಕನ್ನಡ ಪ್ರಶಸ್ತಿಯೂ ಬಂತು. ಅಲ್ಲಿಂದ ಭಾಷೆಯ ಗೆರೆ, ರಾಜ್ಯದ ಗೆರೆ ಒಂದರ ಮೇಲೊಂದು ಬಂದು ಕೂತವು. ಅದರ ಹೊರಗೆ ಉಳಿದವರಿಗೆ ಎರಡು ಸಲ ಹೊರಗೆ. ಡಾ. ರಾಜ್ ಅವರಿಗೆ 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಕನ್ನಡನಾಡು ಸಂಭ್ರಮಿಸಿತು, ನಮ್ಮ ಕೇರಿಯೂ ಸಂಭ್ರಮಿಸಿತು. ಅವರು ಹುಟ್ಟಿದ ಗಾಜನೂರು ತಮಿಳುನಾಡಿನಲ್ಲಿದೆ, ಆಗಿನ ಕೊಯಮತ್ತೂರು ಜಿಲ್ಲೆ. ನಮ್ಮ ಅಜ್ಜಿಗೆ ಅದು ಪ್ರಶಸ್ತಿಗಿಂತ ದೊಡ್ಡ ಸುದ್ದಿ. ‘ಅವರೂ ನಮ್ಮಂಗೆ ಈಚೆ ಕಡೆಯೋರು’ ಅಂತ ಬಂದವರಿಗೆಲ್ಲ ಹೇಳ್ತಿದ್ದರು.

ಕೊನೆಗೆ ಒಬ್ಬ ವಿದ್ಯಾರ್ಥಿನಿ, ದೇಂಕಣಿಕೋಟೆ ಕಡೆಯವರು, ಚಾಟ್‌ನಲ್ಲಿ ಬರೆದರು: ‘ಸರ್, ನಮ್ಮ ಮನೆಯಲ್ಲಿ ತಾತ ಹೊಸೂರಿನ ಟಾಕೀಸಿನಲ್ಲಿ ನೋಡಿದ ಕನ್ನಡ ಚಿತ್ರಗಳ ಹೆಸರನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದಾರೆ. ತಮಿಳು ಅಕ್ಷರದಲ್ಲಿ. ಇದು ಸಂಶೋಧನೆಗೆ ಆ್ಯಕರ ಆಗುತ್ತಾ?’

ಆಗುತ್ತಮ್ಮ. ಅದರಲ್ಲಿ ‘ಬೆಟ್ಟದ ಕಳ್ಳ’ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಆ ಪುಟದ ಫೋಟೋ ತೆಗೆದು ನನಗೆ ಕಳಿಸಿ, ತಾರೀಕು ಕಾಣೋ ಹಾಗೆ. ಪುಸ್ತಕವನ್ನ ಮಾತ್ರ ಯಾರಿಗೂ ಕೊಡಬೇಡಿ, ನನಗೂ.